ಹಿನ್ನೆಲೆಗೆ ನಿಂತ ಯಜಮಾನರು

ವಾಡಿ ಪಟ್ಟಣದ ನಮ್ಮ ಮನೆಯಲ್ಲೇ ಕುಳಿತು ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದಾಗ ನನಗೆ ಸಿಕ್ಕ ಮೊದಲ ಗಿರಾಕಿ ಶಹಾಬಾದಿನ ಒಬ್ಬ ವ್ಯಾಪಾರಿ, ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುವವರು. ಅವರಿಗೆ ಕಲ್ಲಿಗಿಂತ ತೀರಿಹೋದ ತಂದೆಯ ಫೋಟೊ ಮುಖ್ಯ. "ಅಪ್ಪ ಹಿಂದ ನಿಂತಿರ್ಬೇಕ್ರಿ, ಮುಂದ ಕಲ್ಲಿನ ಮಾಹಿತಿ ಇರ್ಲಿ" ಎಂದರು.

ಹಾಗೆ ಹಿಂದೆ ನಿಲ್ಲಿಸಲು, ಪುಟ ಹೇಗೆ ಕಾಣಬೇಕೆಂದು ಹೇಳುವ ಸಿಎಸ್ಎಸ್ ಭಾಷೆಯಲ್ಲಿ ಯಾವ ಚಿತ್ರ, ಎಲ್ಲಿ, ಎಷ್ಟು ದೊಡ್ಡದು, ಒಂದೇ ಸಲವೋ ಪದೇ ಪದೇಯೋ ಎಂದು ಒಂದೊಂದಕ್ಕೆ ಒಂದೊಂದು ಸಾಲು ಬರೆಯಬೇಕು. ನಾನು ಆಗಷ್ಟೇ ಶಾರ್ಟ್‌ಹ್ಯಾಂಡ್ ಕಲಿತಿದ್ದೆ. 'ಬ್ಯಾಕ್‌ಗ್ರೌಂಡ್' ಎಂದು ಒಮ್ಮೆ ಬರೆದು ಎಲ್ಲವನ್ನೂ ಅದರ ಮುಂದೆಯೇ ಹೇಳಿಬಿಡುವ ವಿದ್ಯೆ. ಒಂದೇ ಸಾಲಿನಲ್ಲಿ ತೀರಿಹೋದ ಯಜಮಾನರು ಪುಟದ ಬಲಕ್ಕೆ ಬಂದು ನಿಂತರು.

ಅವರ ಪುಣ್ಯತಿಥಿಯ ಹಿಂದಿನ ದಿನ ಮಗ ಫೋನ್ ಮಾಡಿ, ಹಿಂದೆ ಸ್ವಲ್ಪ ಹಳದಿ ಬಣ್ಣ ಬೇಕೆಂದರು. ಒಲೆಯ ಮೇಲೆ ರೊಟ್ಟಿ ಇತ್ತು. ಕೆಳಗೆ ಇನ್ನೊಂದು 'ಬ್ಯಾಕ್‌ಗ್ರೌಂಡ್' ಬರೆದು, ಹಳದಿ ಎಂದಷ್ಟೇ ಹೇಳಿ, ತಿರುಗಿ ನೋಡದೆ ಕಳಿಸಿದೆ. ಶಾರ್ಟ್‌ಹ್ಯಾಂಡಿನಲ್ಲಿ ನಾವು ಹೇಳದೆ ಬಿಟ್ಟದ್ದೆಲ್ಲ ಅಳಿಸಿಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಫೋನ್. "ಮೇಡಂ, ಅಪ್ಪ ಇಲ್ಲಲ್ರಿ. ಬರೇ ಹಳದಿ ಅದ. ಊಟಕ್ಕ ಬಂದ ಮಂದಿ ಫೋನ್ ತೆಗ್ದು ನೋಡ್ಲಿಕತ್ತಾರ."

ಎದುರಿಗೇ ಕ್ಷಮೆ ಕೇಳಿ ಸರಿ ಮಾಡೋಣವೆಂದು ಲ್ಯಾಪ್‌ಟಾಪ್ ಹಿಡಿದು ರೈಲು ಹತ್ತಿ ಶಹಾಬಾದಿಗೆ ಹೋದೆ. ಅಷ್ಟರಲ್ಲಿ ಮನೆಯವರು ಕಾರಣ ಕಂಡುಕೊಂಡಿದ್ದರು. ಯಜಮಾನರಿಗೆ ಇಷ್ಟವಾದ ಬದನೆಕಾಯಿ ಪಲ್ಯವನ್ನು ಈ ವರ್ಷ ಎಡೆಗೆ ಇಟ್ಟಿರಲಿಲ್ಲ. ಅಳಿಯ ಬಜಾರಿಗೆ ಓಡಿದ್ದ. ತಪ್ಪು ನನ್ನದು ಎಂದು ನಾನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬದನೆಕಾಯಿ ಬೇಯುತ್ತಿರುವಾಗ ನಾನು ಪಡಸಾಲೆಯಲ್ಲಿ ಕುಳಿತು ಆ ಎರಡು ಸಾಲುಗಳನ್ನು ಒಂದು ಮಾಡಿದೆ. ಬಣ್ಣ ಹೇಳಿದೆ, ಚಿತ್ರ ಹೇಳಿದೆ. ಹತ್ತು ಜನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಗಾಬರಿಯಲ್ಲಿ ಒಂದೇ ಸಲ ಸಾಕು ಎನ್ನುವುದನ್ನು ಮರೆತೆ. ಆ ಕಡೆ ಎಡೆಗೆ ಪಲ್ಯ ಬಡಿಸಿದರು, ಈ ಕಡೆ ನಾನು ಪುಟ ತೆರೆದೆ. ಯಜಮಾನರು ಮೇಲಿಂದ ಕೆಳಗಿನವರೆಗೆ, ಪರಸಿ ಹಾಸಿದ ಹಾಗೆ, ಸಾಲುಸಾಲಾಗಿ ತುಂಬಿಕೊಂಡಿದ್ದರು.

ಮನೆಯೆಲ್ಲ ಕೈಮುಗಿಯಿತು. ಮಗನ ಕಣ್ಣಲ್ಲಿ ನೀರು. "ಹಿಂಗೇ ಇರ್ಲಿ ಬಿಡ್ರಿ ಮೇಡಂ. ಭಾಳ ಛಂದ ಕಾಣ್ಲಿಕತ್ತದ."

ಗೋಡೆಗೆ ಒರಗಿ ಕುಳಿತಿದ್ದ ಅವರ ತಾಯಿ, ಯಜಮಾನರ ಹೆಂಡತಿ, ಮನೆಯವರಿಗೆಲ್ಲ 'ಆಯಿ', ತಮ್ಮ ಫೋನನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. "ಒಬ್ಬನ್ನ ಸಂಭಾಳ್ಸೋದ್ರಾಗೇ ನನ್ನ ಜನ್ಮ ಹೋಯ್ತು" ಎಂದರು. "ಇಷ್ಟ್ ಮಂದಿಗಿ ಯಾರು ಚಾ ಮಾಡ್ಬೇಕು? ಒಬ್ಬನ್ನ ಇಟ್ಟು ಉಳ್ದವ್ರನ್ನ ತೆಗಿ ತಂಗಿ."

ತೆಗೆದೆ. ಆಮೇಲೆ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿ ಕೇಳಿದರು.

"ನಂದೂ ಒಂದು ಫೋಟೊ ಹಾಕ್ಲಿಕ್ಕೆ ಬರ್ತದೇನು?"

"ಬರ್ತದ ಆಯಿ. ಒಂದೇ ಸಾಲಿನ್ಯಾಗ ನಡುವ ಅಲ್ಪವಿರಾಮ ಹಾಕಿ ಇಬ್ರನ್ನೂ ಬರಿಬಹುದು. ಯಾರನ್ನ ಮೊದ್ಲು ಬರಿತೀವೋ ಅವ್ರು ಮುಂದ ನಿಲ್ತಾರ."

"ಹಂಗಾದ್ರ ನಂದು ಮೊದ್ಲು ಬರಿ."

ಅಲ್ಲೇ ಅವರದೊಂದು ಫೋಟೊ ತೆಗೆದು ಹಾಕಿದೆ. ಆಯಿ ಎಡಕ್ಕೆ, ಯಜಮಾನರು ಬಲಕ್ಕೆ. ಲ್ಯಾಪ್‌ಟಾಪಿನ ಅಗಲ ಪರದೆಯಲ್ಲಿ ನಡುವೆ ಮಾರುದ್ದ ಹಳದಿ ಬಿಟ್ಟುಕೊಂಡು ಇಬ್ಬರೂ ಮರ್ಯಾದೆಯಿಂದ ನಿಂತರು. ಮಗ ಒಪ್ಪಿದರು, ಅಳಿಯ ಒಪ್ಪಿದ. ಎಲ್ಲರೂ ಊಟಕ್ಕೆ ಎದ್ದರು.

ಆಯಿ ಮಾತ್ರ ತಮ್ಮ ಫೋನಿನಲ್ಲಿ ನೋಡಿದರು. ಫೋನಿನ ಪರದೆ ಸಣ್ಣದು. ಇಬ್ಬರಿಗೂ ಅಕ್ಕಪಕ್ಕ ಜಾಗ ಸಾಲದೆ ಒಬ್ಬರ ಮೇಲೊಬ್ಬರು ಬಂದಿದ್ದರು. ಮುಂದೆ ಆಯಿ, ಸರಿಯಾಗಿ ಅವರ ಬೆನ್ನ ಹಿಂದೆ ಯಜಮಾನರು. ಅವರ ರುಮಾಲಿನ ತುದಿಯೂ ಕಾಣುತ್ತಿರಲಿಲ್ಲ.

"ಇದನ್ನೂ ಸರಿ ಮಾಡ್ತೀನ್ರಿ ಆಯಿ" ಎಂದು ಕೈ ಚಾಚಿದೆ.

ಆಯಿ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡರು. "ಊಟ ಮಾಡಿ ಹೋಗು" ಎಂದರು. "ಬದನಿಕಾಯಿ ಭಾಳ ಉಳ್ದದ."