ಮೂರನೇ ಮಹಡಿಯ ಪಿಯಾನೊ

ಪಿಯಾನೊ ಆ ಮನೆಗೆ ಬಂದದ್ದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಮೆಟ್ಟಿಲ ತಿರುವಿನಲ್ಲಿ ಅದು ತೂರಲಿಲ್ಲ. ಬಡಗಿಯಾಗಿದ್ದ ಅಪ್ಪ ಕಿಟಕಿಯ ಚೌಕಟ್ಟನ್ನೇ ಕಿತ್ತು, ಹಗ್ಗ ಬಿಗಿದು, ಮೂರನೇ ಮಹಡಿಗೆ ಎಳೆಸಿದರು. ಮುಚ್ಚಿಹೋದ ಶಾಲೆಯೊಂದು ಬೇಡವೆಂದು ಹೊರಗಿಟ್ಟಿದ್ದ ಪಿಯಾನೊ ಅದು. ಮರ ಚೆನ್ನಾಗಿದೆ, ಬೀರು ಮಾಡಬಹುದು ಎಂದು ಅವರ ಲೆಕ್ಕಾಚಾರ. ಆದರೆ ಏಳು ವರ್ಷದ ಮಗಳು ಅದರ ಮುಂದೆ ಕೂತವಳು ಏಳಲೇ ಇಲ್ಲ.

"ಹೋಗ್ಲಿ ಬಿಡಿ, ಬೀರು ಇಲ್ದೆ ಇಷ್ಟು ದಿನ ಬದುಕಿಲ್ವಾ?" ಎಂದರು ಅಮ್ಮ. ಊಟದ ಮೇಜಿಗೆ ಜಾಗ ಉಳಿಯಲಿಲ್ಲ. ಅಂದಿನಿಂದ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು.

ಕೆಳಗಿನ ಮನೆಯಲ್ಲಿ ನಿವೃತ್ತ ರೈಲು ಚಾಲಕರೊಬ್ಬರಿದ್ದರು. ಮಕ್ಕಳ ಬಾಯಲ್ಲಿ ಅವರು ಇಂಜಿನ್ ತಾತ. ಮಧ್ಯಾಹ್ನದ ನಿದ್ದೆ ಕೆಟ್ಟರೆ ಪೊರಕೆಯ ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರು. ಒಂದು ದಿನ ತಡೆಯಲಾರದೆ ಮೇಲೆಯೇ ಬಂದರು.

"ಒಂದೇ ಸಾಲನ್ನ ಎಷ್ಟು ಸಲ ಬಾರಿಸ್ತೀಯಮ್ಮ? ತಲೆ ಚಿಟ್ಟು ಹಿಡೀತು!"

"ತಪ್ಪಿಲ್ದೆ ಬರೋವರೆಗೂ, ತಾತ."

"ಹಾಗಾದ್ರೆ ಬೇಗ ಕಲಿ ತಾಯಿ!"

ಸಂಗೀತ ಶಾಲೆಯಲ್ಲಿ ಬೇರೆಯದೇ ತಕರಾರು. ಟೀಚರ್ ಅವಳ ಅಂಗೈ ಅಗಲಿಸಿ ನೋಡಿ, "ಇಷ್ಟು ಪುಟ್ಟ ಕೈಗೆ ದೊಡ್ಡ ಕೃತಿಗಳು ಎಟುಕಲ್ಲ," ಎಂದರು.

"ಎಟುಕದಿದ್ರೆ ಹಾರ್ತೀನಿ," ಎಂದಳು ಹುಡುಗಿ.

ಹಾರಿಯೇ ಬಿಟ್ಟಳು. ಕೀಗಳ ಮೇಲೆ ಅವಳ ಬೆರಳು ಕುಪ್ಪಳಿಸುವ ಬಗೆ ಕಂಡು ಸಹಪಾಠಿಗಳು ಗುಬ್ಬಿ ಎಂದು ಕರೆದರು. ಆ ಹೆಸರೇ ನಿಂತಿತು.

ಗುಬ್ಬಿಯ ಮೊದಲ ಒಂಟಿ ಕಛೇರಿಗೆ ಸಭಾಂಗಣ ತುಂಬಿತ್ತು. ಎರಡನೆಯ ಕೃತಿಯ ನಟ್ಟನಡುವೆ ಮುಂದಿನ ಸಾಲು ಮರೆತೇಹೋಯಿತು. ಕೈ ನಿಂತಿತು. ಆಗ ಮೂರನೇ ಸಾಲಿನಿಂದ ಒಂದು ಕೆಮ್ಮು, ಅದರ ಹಿಂದೆಯೇ ಒರಟು ಗಂಟಲು: "ಲಾ… ಲಲಲಾ… ಲಾ…" ಇಂಜಿನ್ ತಾತ! ಸಭೆ ಗೊಳ್ಳೆಂದು ನಕ್ಕಿತು. ಗುಬ್ಬಿಯೂ ನಕ್ಕಳು, ಆ ಎಳೆ ಹಿಡಿದು ಕೊನೆಯವರೆಗೂ ನುಡಿಸಿದಳು.

ಹೊರಗೆ ಬಂದು, "ಶ್ರುತಿ ತಪ್ಪಿತ್ತು ತಾತ," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಶ್ರುತಿ ನಿನ್ನ ಕೆಲಸ. ಇಷ್ಟು ವರ್ಷ ನಿದ್ದೆ ಕೆಡಿಸಿದ್ಯಲ್ಲ, ಹಾಡು ನಂಗೆ ಮರೆಯುತ್ತಾ?"

ಆಮೇಲೆ ಊರೂರು ಸುತ್ತಿದಳು, ದೊಡ್ಡ ವಾದ್ಯವೃಂದಗಳ ಜೊತೆ ನುಡಿಸಿದಳು. ಪಿಯಾನೊ ಶ್ರುತಿ ಮಾಡಲು ಬರುತ್ತಿದ್ದವನನ್ನೇ ಮದುವೆಯಾದಳು. "ಊರಿನ ಪಿಯಾನೊಗಳೆಲ್ಲ ಸರಿಯಾಗಿವೆ, ನಮ್ಮದೊಂದು ಬಿಟ್ಟು," ಎಂದು ಇವತ್ತಿಗೂ ಅವನನ್ನು ಛೇಡಿಸುತ್ತಾಳೆ.

ಅರವತ್ತು ದಾಟಿದ ಮೇಲೆ ಬಲಗೈಯ ಒಂದು ಬೆರಳು ಮುಷ್ಕರ ಹೂಡಿತು. ಕೆಲವು ದಿನ ಮುಖ ಸಣ್ಣದಾಗಿತ್ತು. ನಂತರ ಶಿಷ್ಯೆಯೊಬ್ಬಳನ್ನು ಕರೆದು, ಒಂದೇ ಪಿಯಾನೊಗೆ ಇಬ್ಬರೂ ಕೂತು ನುಡಿಸುವ ಕೃತಿಯೊಂದನ್ನು ತೆಗೆದಳು.

"ಯಾವ ಭಾಗ ನಂದು, ಮೇಡಂ?"

"ಕಷ್ಟದ್ದು ನಿಂದು. ಚಪ್ಪಾಳೆ ನಂದು. ಸರಿಕೊಂಡು ಕೂತ್ಕೋ."