ಒಂಬತ್ತನೇ ವಾರದ ಟಿಪ್ಪಣಿ

ವಿಚಿತ್ರ ಕಂಡೆನೆನ್ನುವವರ ಮಾತನ್ನು ನಾನು ಅರ್ಧಕ್ಕೇ ತಡೆಯುತ್ತಿದ್ದೆ. ಕಂಪ್ಯೂಟರ್ ಕಲಿಸುವವನು, ಒಂದೋ ಆಗಿದೆ, ಇಲ್ಲವೇ ಆಗಿಲ್ಲ ಎಂಬುದು ನನ್ನ ನಂಬಿಕೆ. ಈಗ ಬರೆಯುತ್ತಿರುವುದರಲ್ಲಿ ಎಷ್ಟು ಆದದ್ದು, ಎಷ್ಟು ಆಮೇಲೆ ನಾನೇ ಜೋಡಿಸಿಕೊಂಡದ್ದು ಎಂದು ನನಗೇ ಖಾತ್ರಿಯಿಲ್ಲ.

ಆಗ ಶಹಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಕೊನೆಯ ವರ್ಷದವರು ತಲಾ ಒಂದು ಸ್ವತಂತ್ರ ಸಂಶೋಧನಾ ಪ್ರಾಜೆಕ್ಟ್ ಮಾಡಬೇಕು, ವಾರಕ್ಕೊಮ್ಮೆ ಗೈಡನ್ನು ಕಂಡು ಡೈರಿಗೆ ಸಹಿ ಪಡೆಯಬೇಕು. ಅದು ನಿಯಮ. ರೂಢಿ ಬೇರೆ: ಕೊನೆಯ ದಿನ ಹದಿನಾಲ್ಕು ವಾರಗಳಿಗೂ ಒಟ್ಟಿಗೆ ಸಹಿ ಹಾಕಿಬಿಡುವುದು. ನಾನೂ ಹಾಗೇ ಹಾಕಿದೆ, ಪುಟದಲ್ಲೇನಿದೆ ಎಂದು ನೋಡದೆ.

ಮಹಾದೇವಿ ನನ್ನ ವಿದ್ಯಾರ್ಥಿನಿ. ಅವಳ ಕಾಕಾ ಭೀಮರಾಯನಗುಡಿಯ ಆಚೆ ಕಾಲುವೆಯ ಒಂದು ಗೇಟು ಕಾಯುತ್ತಿದ್ದ. ಅವನು ನೀರಿನ ಮಟ್ಟ ಬರೆದಿಟ್ಟ ಹಳೆಯ ವಹಿಗಳಿಂದ, ಬಿಟ್ಟ ನೀರು ಕೊನೆಯ ಊರಿಗೆ ಯಾವಾಗ ಮುಟ್ಟುತ್ತದೆಂದು ಹೇಳುವ ಪ್ರೋಗ್ರಾಮು ಅವಳದು. ಈ ಸಲ ಪಾಸಾಗದಿದ್ದರೆ ಓದು ಸಾಕೆಂದು ಮನೆಯಲ್ಲಿ ಹೇಳಿದ್ದರು. ಅದು ನನಗೆ ಗೊತ್ತಿತ್ತು.

ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಡೈರಿ ತಿರುವಿದರು. "ಎಲ್ಲಾ ವಾರ ಬರೇ ಸಹಿ. ಇದೊಂದ ವಾರ ಇಷ್ಟ್ಯಾಕ ಉಮೇದಿ ಬಂತ್ರಿ ನಿಮಗ?"

ಬಗ್ಗಿ ನೋಡಿದೆ. ಒಂಬತ್ತನೇ ವಾರದ ಸಹಿಯ ಮೇಲೆ ಮೂರು ಸಾಲು: "ವಹಿಯಲ್ಲಿರುವ ಸೊನ್ನೆಗಳನ್ನು ನಂಬಬೇಡ. ಸೊನ್ನೆ ಇದ್ದ ದಿನ ಕಾಲುವೆ ಒಣಗಿರಲಿಲ್ಲ, ಯಾರೂ ಹೋಗಿ ನೋಡಿಲ್ಲ ಅಷ್ಟೇ. ಅವನ್ನು ತೆಗೆದು ಮತ್ತೆ ಓಡಿಸು." ಅಲ್ಲಿಂದಾಚೆಗೇ ಅವಳ ಪ್ರೋಗ್ರಾಮು ಸರಿಯಾದ ಉತ್ತರ ಕೊಡತೊಡಗಿತ್ತು. ಅಕ್ಷರ ನನ್ನವು. ಆದರೆ ಆ ವಾರವಿಡೀ ನಾನು ಯಾದಗಿರಿಯ ಆಸ್ಪತ್ರೆಯಲ್ಲಿ ಅವ್ವನ ಮಂಚದ ಪಕ್ಕ ಇದ್ದೆ. ಹಾಗೆಂದೇ ಹೇಳಿದೆ.

"ಗೈಡ್ ಬರದಿದ್ರೂ ಗೈಡನ್ಸ್ ಬಂದದ ಅನ್ರಿ," ಎಂದು ಅವರು ನಕ್ಕರು. ಮಹಾದೇವಿಯತ್ತ ತಿರುಗಿದಾಗ ನಗು ಇರಲಿಲ್ಲ. "ನೀನ ಬರಕೊಂಡೀಯೇನವ್ವಾ?"

"ಇಲ್ರಿ ಸರ. ಸರ ಗೇಟಿನ ಹತ್ರ ಬಂದಿದ್ರಲ್ರಿ. ನಿಂತಕೊಂಡೇ ಬರದ್ರು. ಕಾಕಾ ಚಾ ಕೊಟ್ರ ಕುಡೀಲಾರದ ಹೋದ್ರು." ನನ್ನ ಕಡೆ ನೋಡಿದಳು. "ಹೇಳ್ರಿ ಸರ."

ಒಂದು 'ಹೂಂ' ಸಾಕಿತ್ತು. ನಾನು ಬಂದಿರಲಿಲ್ಲ ಎಂದೆ. ನನ್ನ ಹಾಜರಿ ಪುಸ್ತಕದಲ್ಲೂ ಆ ವಾರವಿಡೀ ರಜೆ ಎಂದೇ ಇತ್ತು. ಗೈಡಿನ ಅಕ್ಷರ ನಕಲು ಮಾಡಿದ್ದಾಳೆಂದು ಅವಳ ಪ್ರಾಜೆಕ್ಟ್ ರದ್ದಾಯಿತು.

ವಾರ ಕಳೆದು, ಒಂದು ಮಧ್ಯಾಹ್ನ, ಆ ಗೇಟಿಗೆ ಹೋದೆ. ಕ್ಷಮೆ ಕೇಳಲೋ, ಅವಳ ಸುಳ್ಳು ಹಿಡಿಯಲೋ, ಈಗ ನೆನಪಿಲ್ಲ; ಎರಡೂ ಇರಬಹುದು. ಮಹಾದೇವಿ ತಿಂಥಣಿಯ ಸೋದರತ್ತೆಯ ಮನೆಗೆ ಹೋಗಿದ್ದಳು. ಕಾಕಾ ಗೇಟಿಗೆ ಗ್ರೀಸು ಹಚ್ಚುತ್ತಿದ್ದ.

"ಬರ್ರಿ ಸರ. ಇವತ್ತರ ಚಾ ಕುಡೀತೀರೋ? ಇಲ್ಲಾ, ನಾ ಬಂದೇ ಇಲ್ಲ ಅಂತ ನಾಳಿ ಹೇಳ್ತೀರೋ?"

ನೀರಿನ ಅಳತೆಯ ಕಂಬ ನೋಡಬೇಕೆಂದೆ. ಕಂಬದ ಬುಡಕ್ಕೆ ಇಳಿಯುವ ಮೆಟ್ಟಿಲುಗಳ ಮೇಲೆ ಹೂಳು ಸಮವಾಗಿ ಕೂತಿತ್ತು. ಇಳಿಯುತ್ತ ಎರಡನೆಯದರಿಂದ ನೇರ ನಾಲ್ಕನೆಯದಕ್ಕೆ ಕಾಲಿಟ್ಟೆ. ಯಾಕೆಂದು ಗೊತ್ತಿಲ್ಲ. ಕಾಕಾ ಕೋಲಿನಿಂದ ಹೂಳು ಸರಿಸಿದ. ಮೂರನೇ ಮೆಟ್ಟಿಲಿನ ಕಲ್ಲು ಕಿತ್ತುಹೋಗಿ ಹೊಂಡವಾಗಿತ್ತು.

"ಅವತ್ತ ನಾ ಹೇಳಿದ್ದು ನೆನಪಿಟ್ಟೀರಿ ನೋಡ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವನೇ ಮುಂದೆ ಇಳಿದಿದ್ದ, ಅವನ ಹೆಜ್ಜೆ ನೋಡಿ ನಾನು ದಾಟಿದೆ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಹಾಗೆ ನೆನಪಿಲ್ಲ. ಆ ವಾರ ನಿನ್ನ ಬಿಟ್ಟು ಎಲ್ಲಿಗಾದರೂ ಹೋಗಿದ್ದೆನೇ ಎಂದು ಅವ್ವನನ್ನು ಕೇಳಿದೆ. "ಎಲ್ಲಿ ಹೋಗಿದ್ಯಪ್ಪಾ? ನನ್ನ ಕೈ ಹಿಡಕೊಂಡೇ ಕುಂತಿದ್ದಿ," ಎಂದಳು. ಆದರೆ ಆ ವಾರವೆಲ್ಲ ಅವಳು ಔಷಧದ ಮಂಪರಿನಲ್ಲಿದ್ದಳು.

ಆ ವಾರ ಗೇಟಿಗೆ ಹೋಗಿರಬಹುದು ಎಂದು ಕಾಲೇಜಿಗೆ ಬರೆದುಕೊಟ್ಟೆ. ಗುಮಾಸ್ತ ಓದಿ ಹಾಳೆಯನ್ನು ನನ್ನತ್ತಲೇ ಸರಿಸಿದ. "ಹೋಗಿದ್ದೆ ಅಂತ ಬರೀರಿ, ಇಲ್ಲಾ ಹೋಗಿಲ್ಲ ಅಂತ ಬರೀರಿ. ಇರಬಹುದು ಅಂದ್ರ ನಾ ಯಾವ ಫೈಲಿಗಿ ಹಾಕ್ಲಿ ಸರ?"

ಮಹಾದೇವಿ ಮತ್ತೆ ಕಾಲೇಜಿಗೆ ಬರಲಿಲ್ಲ. ಆ ಹಾಳೆ ಇನ್ನೂ ನನ್ನ ಬಳಿಯೇ ಇದೆ. ಎರಡರಲ್ಲಿ ಒಂದನ್ನು ಬರೆಯಲು ಇವತ್ತಿಗೂ ಕೈ ಬಂದಿಲ್ಲ.