ಬೆಟ್ಟ ಹತ್ತಿದ ‘ಡ್ರೀಖ್’

‘ಡ್ರೀಖ್’ ಎಂಬ ಪದವನ್ನು ನನಗೆ ಮೊದಲು ಹೇಳಿದವರು ಸ್ಕಾಟ್ಲೆಂಡಿನಿಂದ ನಮ್ಮ ಕಾಲೇಜಿಗೆ ಬಂದಿದ್ದ ಒಬ್ಬ ಮೇಷ್ಟ್ರು. ಆನೆ ತೋರಿಸುತ್ತೇನೆಂದು ನಾನು ಅವರನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ದರೆ, ಮಂಜಿನಲ್ಲಿ ದೇವಸ್ಥಾನವೇ ಕಾಣಲಿಲ್ಲ. ಅವರು ನಿಟ್ಟುಸಿರುಬಿಟ್ಟು ಆ ಪದ ಅಂದರು. ಹಿಂದೆ ಅದಕ್ಕೆ ಎಷ್ಟೊತ್ತಾದರೂ ಮುಗಿಯದ್ದು ಎಂಬ ಅರ್ಥವಿತ್ತಂತೆ, ಆಮೇಲೆ ಇಂಥ ದರಿದ್ರ ಹವೆಗೆ ಅಂಟಿಕೊಂಡಿತಂತೆ.

ದರ್ಶನದ ಸಾಲಿನಲ್ಲಿ ಮುಂದಿದ್ದ ಅಜ್ಜಿ ಊರುಗೋಲು ಎತ್ತಿಕೊಂಡೇ ತಿರುಗಿದರು. "ಏನಂದ್ನವ್ವ ಆವಯ್ಯ? ನಮ್ ಸಾಮಿ ಮಂಜ ಬಯ್ದ್‌ಬುಟ್ನಾ?"

"ಅಯ್ಯೋ ಇಲ್ಲಜ್ಜಿ! ಅವರ ಕಡೆ ದೇವರ ಮಂಜಿಗೆ ಹಂಗೇ ಅನ್ನೋದು."

ಅಜ್ಜಿ ಕೋಲು ಇಳಿಸಿ ಕೈಮುಗಿದರು. "ಡ್ರೀಕಪ್ಪಾ, ಕಾಪಾಡಪ್ಪಾ!" ಸಾಲೆಲ್ಲ ದನಿಗೂಡಿಸಿತು. ನಮ್ಮವರಿಗೂ ಈ ಹವೆ ಸಾಕಾಗಿದೆ ಅಂದುಕೊಂಡ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಯಿತು.

ಬೆಟ್ಟಕ್ಕೆ ಹೋಗುವವರು ಸಿಕ್ಕರೆ ದಯವಿಟ್ಟು ನಾನು ಅಜ್ಜಿಗೆ ಹೇಳಿದ ಅರ್ಥವನ್ನೇ ದಾಟಿಸಿ. ಅಜ್ಜಿ ಪ್ರತಿ ಶನಿವಾರ ಬರುತ್ತಾರೆ, ಕೋಲೂ ಬರುತ್ತದೆ.